ಕೇಂಬ್ರಿಜ್‌ನಲ್ಲಿ ಊಟಕ್ಕೆ ಎಲ್ಲಿಗೆ ಹೋಗಬೇಕು?

ಕೇಂಬ್ರಿಜ್‌ಗೆ ಬಂದ ನಮ್ಮವರು ಮೊದಲು ಹೋಗಿ ನಿಲ್ಲುವುದು ಕಿಂಗ್ಸ್ ಕಾಲೇಜಿನ ಮುಂದೆ. ಆಮೇಲೆ ಕ್ಯಾಮ್ ನದಿಯಲ್ಲಿ ದೋಣಿ ವಿಹಾರ. ಅಷ್ಟರಲ್ಲಿ ಮಧ್ಯಾಹ್ನ ಎರಡು ಗಂಟೆ ಆಗಿರುತ್ತದೆ. ಹಸಿವು ತಡೆಯಲಾಗದೆ ಎದುರಿಗೆ ಕಂಡ ಹೋಟೆಲಿಗೆ ನುಗ್ಗುತ್ತಾರೆ. ಒಂದು ಸೂಪು, ಒಂದು ಸ್ಯಾಂಡ್‌ವಿಚ್. ನಾಲ್ಕು ಜನರ ಬಿಲ್ಲು ನೋಡಿದರೆ ಎದೆ ಧಸಕ್ ಅನ್ನುತ್ತದೆ, ಹೊಟ್ಟೆ ಮಾತ್ರ ತುಂಬಿರುವುದಿಲ್ಲ. ‘ನಿಮ್ಮೂರಲ್ಲಿ ಊಟವೇ ಸಿಗಲ್ಲ ಬಿಡಪ್ಪ’ ಎಂದು ಹೇಳಿ ವಿಮಾನ ಹತ್ತುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ, ಯಾಕಂದ್ರೆ ಅದು ನಿಜವಲ್ಲ. ಇಲ್ಲಿ ಊಟ ಸಿಗುತ್ತದೆ, ಚೆನ್ನಾಗಿಯೇ ಸಿಗುತ್ತದೆ. ಕಾಲೇಜುಗಳಿಗೆ ಬೆನ್ನು ಹಾಕಿ ಇಪ್ಪತ್ತು ನಿಮಿಷ ನಡೆಯಬೇಕು, ಅಷ್ಟೇ. ಮಕ್ಕಳನ್ನು ನೋಡಲು ಬರುವ ಅಪ್ಪ ಅಮ್ಮಂದಿರಿಗೆ, ಹೊಸದಾಗಿ ಓದಲು ಬರುವವರಿಗೆ ಅದನ್ನೇ ಹೇಳೋಣ ಅಂತ ಕೂತಿದ್ದೇನೆ.

ಇದು ದುಡ್ಡಿರುವ ಊರು. 1209ರಿಂದ ಇರುವ ವಿಶ್ವವಿದ್ಯಾಲಯ, 31 ಕಾಲೇಜುಗಳು. ಅದರ ಸುತ್ತ ಈಗ ಚಿಪ್ ವಿನ್ಯಾಸದ ಆರ್ಮ್, ಔಷಧ ತಯಾರಿಸುವ ಆಸ್ಟ್ರಾಜೆನೆಕಾದಂಥ ಕಂಪನಿಗಳ ಮುಖ್ಯ ಕಚೇರಿಗಳಿವೆ. ಮನೆ ಬಾಡಿಗೆ ಜಾಸ್ತಿ, ಅಂಗಡಿ ಬಾಡಿಗೆ ಅದಕ್ಕಿಂತ ಜಾಸ್ತಿ. ಜೊತೆಗೆ ವರ್ಷವಿಡೀ ಪ್ರವಾಸಿಗರು. ಹಾಗಾಗಿ ಊರ ನಡುವೆ ಉಳಿಯುವುದು ಒಂದೋ ಎಲ್ಲ ಊರಲ್ಲೂ ಇರುವ ದೊಡ್ಡ ಸರಪಳಿ ಹೋಟೆಲುಗಳು, ಇಲ್ಲವೇ ಒಮ್ಮೆ ಬಂದು ಹೋಗುವವರನ್ನೇ ನಂಬಿದ ಜಾಗಗಳು. ನದಿ ದಂಡೆಯಲ್ಲಿ ಮಿಡ್‌ಸಮರ್ ಹೌಸ್ ಎಂಬ ಹೋಟೆಲಿದೆ. ಅದಕ್ಕೆ 2 ಮಿಶೆಲಿನ್ ಸ್ಟಾರ್, ಅಂದ್ರೆ ಹೋಟೆಲಿನ ಅಡುಗೆಗೆ ಸಿಗುವ ದೊಡ್ಡ ಮನ್ನಣೆ. ಅಲ್ಲಿ ಒಬ್ಬರ ಊಟಕ್ಕೇ ನೂರಾರು ಪೌಂಡ್. ಅದು ಬೇರೆಯದೇ ಲೋಕ, ನಾನು ಆ ಕಡೆ ಹೋಗುವುದಿಲ್ಲ.

ನಡುಪೇಟೆಯಲ್ಲಿ ಬಿಡಬಾರದ್ದು ಕೆಲವೇ ಕೆಲವು. ಟ್ರಂಪಿಂಗ್ಟನ್ ಸ್ಟ್ರೀಟಿನ ಫಿಟ್ಜ್‌ಬಿಲ್ಲೀಸ್ 1920ರಿಂದ ಇರುವ ಬೇಕರಿ. ಅಲ್ಲಿನ ಚೆಲ್ಸಿ ಬನ್ ತಿನ್ನಲೇಬೇಕು. ಹಿಟ್ಟನ್ನು ಲಟ್ಟಿಸಿ, ಸಕ್ಕರೆ, ಒಣದ್ರಾಕ್ಷಿ, ಚಕ್ಕೆ ಪುಡಿ ಹರಡಿ, ಚಾಪೆಯಂತೆ ಸುರುಳಿ ಸುತ್ತಿ ಬೇಯಿಸುತ್ತಾರೆ. ಮೇಲೆ ಪಾಕ ಸುರಿದಿರುತ್ತದೆ. ಚಾಕುವಿನಿಂದ ಕತ್ತರಿಸಬೇಡಿ. ಹೊರಗಿನ ಸುತ್ತಿನಿಂದ ಎಳೆ ಬಿಡಿಸುತ್ತಾ ಒಳಗೆ ಹೋಗಿ. ನಡುವಿನ ತುಣುಕಿನಲ್ಲಿ ಪಾಕವೆಲ್ಲ ಇಳಿದು ನೆನೆದಿರುತ್ತದೆ, ರುಚಿ ಇರುವುದೇ ಅಲ್ಲಿ. ಬೆರಳು ಅಂಟಂಟಾಗುತ್ತದೆ, ಆಗಲಿ. ಒಳಗೆ ಕೂರಲು ಸರದಿ ಉದ್ದವಿದ್ದರೆ ಕಟ್ಟಿಸಿಕೊಂಡು ಹೊರಡಿ.

ಬೆನೆಟ್ ಸ್ಟ್ರೀಟಿನಲ್ಲಿ ಈಗಲ್ ಪಬ್ ಇದೆ. 1953ರ ಫೆಬ್ರವರಿ 28ರಂದು ಫ್ರಾನ್ಸಿಸ್ ಕ್ರಿಕ್ ಮಧ್ಯಾಹ್ನದ ಊಟಕ್ಕೆ ಇಲ್ಲಿಗೆ ಬಂದು, ಜೀವದ ಗುಟ್ಟು ಸಿಕ್ಕಿತು ಎಂದು ಎಲ್ಲರೆದುರು ಹೇಳಿದರಂತೆ. ಡಿಎನ್‌ಎ ರಚನೆ ಕಂಡುಹಿಡಿದ ದಿನ ಅದು. ಹಿಂದಿನ ಕೋಣೆಯ ಛಾವಣಿ ನೋಡಿ. ಎರಡನೇ ಮಹಾಯುದ್ಧದ ಕಾಲದ ವಿಮಾನ ಯೋಧರು ಲೈಟರ್, ಮೇಣದ ಬತ್ತಿಯಿಂದ ಸುಟ್ಟು ಬರೆದ ಹೆಸರುಗಳು ಇನ್ನೂ ಇವೆ. ಅವರಲ್ಲಿ ಎಷ್ಟು ಜನ ವಾಪಸ್ ಬಂದರೋ ಅನ್ನಿಸಿ ಮನಸ್ಸು ಭಾರವಾಗುತ್ತದೆ. ಊಟ ಮಾತ್ರ ಬೇರೆ ಯಾವುದೇ ಪಬ್‌ನಂಥದ್ದೇ. ಒಂದು ಕಾಫಿ ಕುಡಿದು, ನೋಡಿ ಬನ್ನಿ.

ಅಲ್ಲಿಂದ ಎರಡು ಹೆಜ್ಜೆಗೆ ಮಾರುಕಟ್ಟೆ ಚೌಕ. ವಾರದ ಏಳೂ ದಿನ ಅಂಗಡಿ ಹಾಕಿರುತ್ತಾರೆ. ಬಿಸಿಬಿಸಿ ತಿಂಡಿ ಮಾರುವವರು ಸಾಲಾಗಿ ನಿಂತಿರುತ್ತಾರೆ, ಊರ ನಡುವೆ ನ್ಯಾಯವಾದ ಬೆಲೆಗೆ ಹೊಟ್ಟೆ ತುಂಬುವುದು ಇಲ್ಲೇ. ಕೂರಲು ಜಾಗ ಕಡಿಮೆ, ಮಳೆ ಬಂದರೆ ಕಷ್ಟ. ರಾತ್ರಿ ಇದೇ ಚೌಕಕ್ಕೆ ಚಿಪ್ಸ್ ಗಾಡಿಗಳು ಬರುತ್ತವೆ. ಇಲ್ಲಿ ಚಿಪ್ಸ್ ಅಂದ್ರೆ ಉದ್ದುದ್ದ ಕತ್ತರಿಸಿ ಕರಿದ ಆಲೂಗೆಡ್ಡೆ. ವಿದ್ಯಾರ್ಥಿಗಳು ಪ್ರೀತಿಯಿಂದ ‘ವ್ಯಾನ್ ಆಫ್ ಲೈಫ್’, ‘ಟ್ರೇಲರ್ ಆಫ್ ಲೈಫ್’ ಅನ್ನುತ್ತಾರೆ. ಚಳಿಯಲ್ಲಿ ಲೈಬ್ರರಿಯಿಂದ ಹೊರಬಂದವನಿಗೆ ಚೀಸ್ ಸುರಿದ ಬಿಸಿ ಚಿಪ್ಸ್ ಸಿಕ್ಕರೆ ಆ ಹೆಸರು ಯಾಕೆ ಅಂತ ಗೊತ್ತಾಗುತ್ತದೆ.

ಇನ್ನು ನಿಜವಾದ ಊಟಕ್ಕೆ ಮಿಲ್ ರೋಡ್.

ಪಾರ್ಕರ್ಸ್ ಪೀಸ್ ಎಂಬ ದೊಡ್ಡ ಹುಲ್ಲು ಮೈದಾನ ದಾಟಿದರೆ ಮಿಲ್ ರೋಡ್ ಶುರು. ಸುಮಾರು ಒಂದು ಮೈಲಿ ಉದ್ದದ ರಸ್ತೆ, ನಡುವೆ ರೈಲ್ವೆ ಸೇತುವೆ. ಲಂಡನ್ನಿಂದ ರೈಲಿನಲ್ಲಿ ಬಂದವರು ಡೆವನ್‌ಶೈರ್ ರೋಡ್ ಹಿಡಿದು ಸೀದಾ ಇಲ್ಲಿಗೇ ಬರಬಹುದು. ಸೇತುವೆಯಾಚೆಯ ರೋಮ್ಸಿ ಹಿಂದೆ ರೈಲ್ವೆ ಕಾರ್ಮಿಕರ ಬಡಾವಣೆ ಆಗಿತ್ತು. ಆಮೇಲೆ ಬೇರೆ ಬೇರೆ ದೇಶದವರು ಬಂದು ನೆಲೆಸಿದರು, ಅಂಗಡಿ ಇಟ್ಟರು, ಒಲೆ ಹಚ್ಚಿದರು. ಟರ್ಕಿಯವರು, ಚೀನಾದವರು, ಕೊರಿಯಾದವರು, ಉತ್ತರ ಆಫ್ರಿಕಾದವರು, ನಮ್ಮವರು. ತಮ್ಮ ರಸ್ತೆಯ ಸಣ್ಣ ಅಂಗಡಿಗಳ ಬಗ್ಗೆ ಇಲ್ಲಿನವರಿಗೆ ಬಹಳ ಅಭಿಮಾನ. 2000ರ ದಶಕದ ಕೊನೆಯಲ್ಲಿ ದೊಡ್ಡ ಸೂಪರ್‌ಮಾರ್ಕೆಟ್ ಕಂಪನಿಯೊಂದು ಇಲ್ಲಿ ಮಳಿಗೆ ತೆರೆಯಲು ಬಂದಾಗ ಬೀದಿಗಿಳಿದು ವಿರೋಧಿಸಿದ್ದರು. ಮಳಿಗೆ ಬಂದೇ ಬಂತು, ಆದರೆ ಸಣ್ಣ ಅಂಗಡಿಗಳೂ ಉಳಿದುಕೊಂಡವು.

ಯಾವ ಹೋಟೆಲು ಅಂತ ಹೆಸರು ಹೇಳುವುದಕ್ಕಿಂತ ಹೇಗೆ ಆರಿಸಬೇಕು ಅಂತ ಹೇಳುತ್ತೇನೆ, ಏಕೆಂದರೆ ಇಲ್ಲಿ ಹೋಟೆಲುಗಳು ಮುಚ್ಚುವುದು ತೆರೆಯುವುದು ನಡೆದೇ ಇರುತ್ತದೆ. ಸಂಜೆ ಆರೂವರೆಗೆ ರಸ್ತೆಯ ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆಯಿರಿ. ಕಿಟಕಿಯಿಂದ ಒಳಗೆ ನೋಡಿ. ಆ ಅಡುಗೆಯ ದೇಶದವರೇ ಮಕ್ಕಳು ಮರಿ ಸಮೇತ ಕೂತಿದ್ದರೆ ಸುಮ್ನೆ ಒಳಗೆ ಹೋಗಿ. ಬಾಗಿಲಲ್ಲಿ ಹಸಿರು ಕಪ್ಪು ಬಣ್ಣದ ಚೀಟಿ ಇರುತ್ತದೆ. ಅಡುಗೆಮನೆಯ ಶುಚಿತ್ವಕ್ಕೆ ಸರ್ಕಾರ ಕೊಡುವ ಅಂಕ ಅದು, 0ರಿಂದ 5ರವರೆಗೆ. ಇಂಗ್ಲೆಂಡಿನಲ್ಲಿ ಅದನ್ನು ಅಂಟಿಸಲೇಬೇಕು ಅಂತ ಕಾನೂನಿಲ್ಲ. ಹಾಗಾಗಿ ಚೀಟಿ ಕಾಣದಿದ್ದರೆ ಫೋನಿನಲ್ಲೇ ಹುಡುಕಿ ನೋಡಬಹುದು.

ಸಸ್ಯಾಹಾರಿಗಳಿಗೆ ನಾನು ಮೊದಲು ಹೇಳುವುದು ಟರ್ಕಿ ಊಟ. ರೆಡ್ ಲೆಂಟಿಲ್ ಸೂಪು ತರಿಸಿ. ರೆಡ್ ಲೆಂಟಿಲ್ ಅಂದ್ರೆ ನಮ್ಮ ಮಸೂರ್ ಬೇಳೆ. ಮಾಂಸದ ರಸ ಹಾಕಿದ್ದಾರಾ ಅಂತ ಒಂದು ಮಾತು ಕೇಳಿ. ಬಟ್ಟಲಿನ ಪಕ್ಕದಲ್ಲಿ ನಿಂಬೆ ಹೋಳು ಇಟ್ಟಿರುತ್ತಾರೆ, ಪೂರ್ತಿ ಹಿಂಡಿ. ಮೇಲೆ ಒಣಮೆಣಸಿನ ತರಿ ಹಾಕಿದ ಬೆಣ್ಣೆ ತೇಲುತ್ತಿರುತ್ತದೆ. ಒಲೆಯಿಂದ ಈಗಷ್ಟೇ ತೆಗೆದ, ಉಬ್ಬಿದ ರೊಟ್ಟಿ ಬರುತ್ತದೆ. ಮುರಿದರೆ ಒಳಗಿಂದ ಆವಿ. ಅದರ ಜೊತೆ ಸುಟ್ಟ ಬದನೆಕಾಯಿ, ಗಟ್ಟಿ ಮೊಸರಿಗೆ ಸೌತೆಕಾಯಿ ಬೆಳ್ಳುಳ್ಳಿ ಸೇರಿಸಿದ್ದು, ಕಡಲೆಕಾಳಿನ ಹಮ್ಮಸ್. ಇಬ್ಬರು ಹಂಚಿಕೊಂಡು ತಿಂದರೆ ಎದ್ದೇಳುವುದು ಕಷ್ಟ. ಊರಿಂದ ಬಂದ ಹಿರಿಯರು ಇದನ್ನು ಬೇಡ ಅಂದದ್ದು ನಾನು ನೋಡಿಲ್ಲ.

ಇಂಡಿಯನ್ ಹೋಟೆಲು ಅಂತ ಬೋರ್ಡಿರುವ ಕಡೆ ಸ್ವಲ್ಪ ಯೋಚಿಸಿ. ಬ್ರಿಟನ್ನಿನ ಹಳೆಯ ಕರಿ ಹೌಸ್‌ಗಳಲ್ಲಿ ಬಹುಪಾಲು ನಡೆಸುವುದು ಬಾಂಗ್ಲಾದೇಶದ ಸಿಲ್ಹೆಟ್ ಮೂಲದವರು. ಅವರ ಅಡುಗೆ ಇಲ್ಲಿಯದೇ ಒಂದು ಪದ್ಧತಿ, ಚೆನ್ನಾಗಿಯೂ ಇರುತ್ತದೆ, ಆದರೆ ನಮ್ಮ ಮನೆಯ ರುಚಿ ಹುಡುಕಿದರೆ ಸಿಗುವುದಿಲ್ಲ. ಮೆನುವಿನಲ್ಲಿ ಸೈಡ್ ಡಿಶ್ ಪಟ್ಟಿ ಇರುತ್ತದೆ, ಅದನ್ನು ನೋಡಿ. ತಡ್ಕಾ ದಾಲ್, ಬಾಂಬೆ ಆಲೂ, ಸಾಗ್ ಆಲೂ ಎಲ್ಲ ಅಲ್ಲಿರುತ್ತವೆ, ಬೆಲೆಯೂ ಕಡಿಮೆ. ಅನ್ನದ ಜೊತೆ ಅವೇ ಎರಡು ತರಿಸಿದರೆ ಊಟ ಆಯಿತು. ಕೇರಳದ ಅಡುಗೆ ಬೇಕಾದರೆ ನ್ಯೂನ್‌ಹ್ಯಾಮ್ ರೋಡಿನ ರೈಸ್ ಬೋಟ್ ಇದೆ.

ಪಬ್ ಅಂದರೆ ನಮ್ಮ ಹಿರಿಯರು ಹೌಹಾರುತ್ತಾರೆ. ನನ್ನ ಸೋದರತ್ತೆ ಬಂದಿದ್ದಾಗ ಒಂದು ಭಾನುವಾರ ಮಧ್ಯಾಹ್ನ ಕರೆದುಕೊಂಡು ಹೋಗಿದ್ದೆ. ‘ಹೆಂಡದಂಗಡಿಗೆ ಕರ್ಕೊಂಡು ಬಂದ್ಯಲ್ಲೋ’ ಎಂದು ಬಾಗಿಲಲ್ಲೇ ನಿಂತರು. ಒಳಗೆ ಅಜ್ಜ ಅಜ್ಜಿ, ಕೈಕೂಸು, ಮೇಜಿನ ಕೆಳಗೆ ನಾಯಿ. ನೋಡಿ ಸಮಾಧಾನವಾಯಿತು. ಪಬ್‌ನಲ್ಲಿ ಸಾಮಾನ್ಯವಾಗಿ ಯಾರೂ ಮೇಜಿಗೆ ಬಂದು ಕೇಳುವುದಿಲ್ಲ. ಮೇಜಿನ ನಂಬರ್ ನೋಡಿಕೊಂಡು ಬಾರ್‌ಗೆ ಹೋಗಿ ಹೇಳಿ, ಅಲ್ಲೇ ದುಡ್ಡು ಕೊಡಬೇಕು. ಅತ್ತೆಗೆ ಮೊಟ್ಟೆಯೂ ಆಗದು ಎಂದಾಗ ಕೆಲಸದ ಹುಡುಗಿ ಒಂದು ದಪ್ಪ ಫೈಲ್ ತಂದುಕೊಟ್ಟಳು. ಇಲ್ಲಿ 14 ಬಗೆಯ ಅಲರ್ಜಿ ಪದಾರ್ಥಗಳು ಯಾವ ತಿಂಡಿಯಲ್ಲಿವೆ ಅಂತ ಗಿರಾಕಿಗೆ ತಿಳಿಸುವುದು ಕಾನೂನು. ಮೊಟ್ಟೆ, ಹಾಲು, ಮೀನು, ಸಾಸಿವೆ, ಎಳ್ಳು ಎಲ್ಲ ಆ ಪಟ್ಟಿಯಲ್ಲಿವೆ. ಅತ್ತೆ ಕನ್ನಡಕ ಹಾಕಿಕೊಂಡು ಮೊಟ್ಟೆಯ ಸಾಲಿನ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ಓದಿದರು. ‘ಎಷ್ಟು ಚೆನ್ನಾಗಿ ಬರೆದಿಟ್ಟಿದಾರೆ ನೋಡೋ’ ಎಂದರು. ಆಮೇಲೆ ತರಿಸಿದ್ದು ಜಾಕೆಟ್ ಪೊಟೇಟೊ. ಸಿಪ್ಪೆ ಗರಿಗರಿಯಾಗುವಂತೆ ಇಡಿಯಾಗಿ ಬೇಯಿಸಿದ ದೊಡ್ಡ ಆಲೂಗೆಡ್ಡೆ, ಅದರ ಮೇಲೆ ಬೇಕ್ಡ್ ಬೀನ್ಸ್. ಚೀಲದಲ್ಲಿದ್ದ ಚಟ್ನಿಪುಡಿಯೂ ಹೊರಗೆ ಬಂತು ಅನ್ನಿ.

ಆದರೆ ಒಂದು ವಿಷಯ ಗಮನಿಸಿ. ಮಾಂಸ ಅಲರ್ಜಿ ಪಟ್ಟಿಯಲ್ಲಿಲ್ಲ. ಹಾಗಾಗಿ ದನದ ಕೊಬ್ಬು, ಪ್ರಾಣಿಗಳ ಮೂಳೆ ಚರ್ಮದಿಂದ ಮಾಡುವ ಜೆಲಟಿನ್ ಇವನ್ನು ಬಾಯಿಬಿಟ್ಟು ಕೇಳಲೇಬೇಕು. ಭಾನುವಾರದ ರೋಸ್ಟ್ ಆಲೂಗೆಡ್ಡೆಯನ್ನು ಕೆಲವು ಕಡೆ ಪ್ರಾಣಿ ಕೊಬ್ಬಿನಲ್ಲಿ ಹುರಿಯುತ್ತಾರೆ. ಗ್ರೇವಿ ಬಹುತೇಕ ಮಾಂಸದ ರಸದ್ದು. ಚಿಪ್ಸ್ ಕರಿಯುವ ಎಣ್ಣೆಯಲ್ಲೇ ಮೀನೂ ಕರಿದಿರಬಹುದು. ಪಾರ್ಮೆಸಾನ್ ಚೀಸ್ ಮಾಡುವಾಗ ಹಾಲು ಗಟ್ಟಿಯಾಗಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಕಿಣ್ವ ಬಳಸುತ್ತಾರೆ. ವೂಸ್ಟರ್ ಸಾಸ್‌ನಲ್ಲಿ ಸಣ್ಣ ಮೀನು ಇರುತ್ತದೆ. ಇಲ್ಲಿ ವೆಜಿಟೇರಿಯನ್ ಎಂದರೆ ಮೊಟ್ಟೆ ಸೇರಿದ್ದೂ ಆಗಬಹುದು. ಮೊಟ್ಟೆ ಬೇಡದವರಿಗೆ ಸುಲಭದ ದಾರಿ ವೀಗನ್ ಅಂತ ಬರೆದದ್ದನ್ನು ಆರಿಸುವುದು. ಕೇಕ್ ತಿನ್ನುವಾಗಲೂ ಅಷ್ಟೇ.

ಊಟದ ವಿಷಯಕ್ಕೆ ಈ ಊರಲ್ಲಿ ನನಗೆ ಯಾವಾಗಲೂ ನೆನಪಾಗುವವರು ಗಣಿತಜ್ಞ ರಾಮಾನುಜನ್. 1914ರಲ್ಲಿ ಟ್ರಿನಿಟಿ ಕಾಲೇಜಿಗೆ ಬಂದರು. ಕಟ್ಟಾ ಸಸ್ಯಾಹಾರಿ. ಕಾಲೇಜಿನ ಅಡುಗೆಯನ್ನು ನಂಬದೆ ಕೋಣೆಯಲ್ಲೇ ಬೇಯಿಸಿಕೊಳ್ಳುತ್ತಿದ್ದರು. ಅದೇ ವರ್ಷ ಯುದ್ಧ ಶುರುವಾಗಿ ಸಾಮಾನು ಸಿಗುವುದು ಕಷ್ಟವಾಯಿತು. 1917ರಲ್ಲಿ ಕಾಯಿಲೆ ಬಿದ್ದರು, 1919ರಲ್ಲಿ ಊರಿಗೆ ಮರಳಿದರು. ಒಮ್ಮೆ ಸ್ನೇಹಿತರನ್ನು ಊಟಕ್ಕೆ ಕರೆದು ತಾವೇ ಸಾರು ಮಾಡಿ ಬಡಿಸಿದ್ದರಂತೆ. ಮೂರನೇ ಸಲ ಬಡಿಸಲು ಹೋದಾಗ ಬೇಡ ಎಂದರಂತೆ. ಅಷ್ಟಕ್ಕೇ ನೊಂದು, ಯಾರಿಗೂ ಹೇಳದೆ ಎದ್ದು ಆಕ್ಸ್‌ಫರ್ಡ್‌ಗೆ ಹೋಗಿಬಿಟ್ಟರು. ಆ ಸಾರಿಗೆ ಅವರು ಎಷ್ಟು ಕಷ್ಟಪಟ್ಟು ಸಾಮಾನು ಹೊಂದಿಸಿದ್ದರೋ ಏನೋ. ಈಗ ಟ್ರಿನಿಟಿಯಿಂದ ಅರ್ಧ ಗಂಟೆ ನಡೆದರೆ ಮಿಲ್ ರೋಡಿನ ದಿನಸಿ ಅಂಗಡಿಗಳಲ್ಲಿ ಹುಣಸೆಹಣ್ಣು, ಕರಿಬೇವು, ಬೇಳೆ ಎಲ್ಲ ಸಿಗುತ್ತದೆ. ಅಲ್ಲಿ ಚೀಲ ತುಂಬಿಸಿಕೊಳ್ಳುವಾಗ ಅವರ ನೆನಪಾಗಿ ಹೊಟ್ಟೆ ಚುರ್ ಅನ್ನುತ್ತದೆ.

ಕಾಲೇಜಿನಲ್ಲಿ ಓದುವ ಮಕ್ಕಳಿದ್ದರೆ ಫಾರ್ಮಲ್ ಹಾಲ್ ಊಟಕ್ಕೆ ಕರೆಯಲು ಹೇಳಿ. ಮೇಣದ ಬತ್ತಿ ಬೆಳಕು, ಉದ್ದನೆಯ ಮೇಜು, ಬಹಳಷ್ಟು ಕಡೆ ಕಪ್ಪು ಗೌನು, ಊಟಕ್ಕೆ ಮೊದಲು ಲ್ಯಾಟಿನ್ ಪ್ರಾರ್ಥನೆ, ಆಮೇಲೆ ಮೂರು ಸುತ್ತಿನ ಊಟ. ಹೊರಗೆ ಇಂಥ ಊಟಕ್ಕೆ ಆಗುವುದಕ್ಕಿಂತ ಕಡಿಮೆ ಖರ್ಚು. ಸಸ್ಯಾಹಾರ ಬೇಕು ಅಂತ ಟಿಕೆಟ್ ತೆಗೆಯುವಾಗಲೇ ತಿಳಿಸಬೇಕು, ಆ ಹೊತ್ತಿಗೆ ಕೇಳಿದರೆ ಸಿಗುವುದಿಲ್ಲ.

ದುಡ್ಡಿನ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಮೆನುವಿನ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ. ಬಿಲ್ಲಿನ ಕೊನೆಯಲ್ಲಿ ಶೇಕಡಾ 12.5ರಷ್ಟು ಸರ್ವಿಸ್ ಚಾರ್ಜ್ ಕಂಡರೆ ಅದು ಸಾಮಾನ್ಯವಾಗಿ ಕಡ್ಡಾಯವಲ್ಲ. ಸೇವೆ ಸರಿಯಿಲ್ಲದಿದ್ದರೆ ತೆಗೆಯಿರಿ ಎನ್ನಬಹುದು. ಸರಿಯಿದ್ದರೆ ಕೊಡಿ. 2024ರ ಅಕ್ಟೋಬರ್ 1ರಿಂದ ಆ ಹಣ ಪೂರ್ತಿ ಕೆಲಸಗಾರರಿಗೇ ಹೋಗಬೇಕು ಎಂಬ ಕಾನೂನಿದೆ. ನೀರು ಯಾವುದು ಬೇಕು ಎಂದರೆ ‘ಟ್ಯಾಪ್ ವಾಟರ್’ ಅನ್ನಿ. ಮದ್ಯದ ಪರವಾನಗಿ ಇರುವ ಎಲ್ಲ ಕಡೆ ಅದನ್ನು ಬಿಟ್ಟಿ ಕೊಡಲೇಬೇಕು. ತೀರಾ ಕೈ ಬಿಗಿಯಾದ ದಿನ ಸೂಪರ್‌ಮಾರ್ಕೆಟ್ಟಿನ ಮೀಲ್ ಡೀಲ್ ಇದೆ. ಸ್ಯಾಂಡ್‌ವಿಚ್, ಕುರುಕು ತಿಂಡಿ, ಪಾನೀಯ ಸೇರಿ ನಾಲ್ಕೈದು ಪೌಂಡ್. ಬೇಸಿಗೆಯಲ್ಲಿ ಅದನ್ನು ಕಟ್ಟಿಕೊಂಡು ನದಿ ಪಕ್ಕದ ಹುಲ್ಲುಗಾವಲಿನಲ್ಲಿ ಗ್ರಾಂಚೆಸ್ಟರ್ ಕಡೆ ನಡೆದರೆ ಬಹಳ ಸೊಗಸು.

ಹೊತ್ತಿನ ಲೆಕ್ಕವನ್ನೂ ತಿಳಿದಿರಿ. ಮಧ್ಯಾಹ್ನ ಎರಡೂವರೆ ಆದರೆ ಬಹಳಷ್ಟು ಅಡುಗೆಮನೆ ಬಂದ್. ರಾತ್ರಿ ಒಂಬತ್ತಕ್ಕೆ ಪಬ್ ತೆರೆದಿದ್ದರೂ ಊಟ ಮುಗಿದಿರುತ್ತದೆ. ಒಂಬತ್ತೂವರೆಗೆ ಊಟಕ್ಕೆ ಹೊರಡುವ ರೂಢಿ ಇರುವವರು ಏಳಕ್ಕೇ ಹೊರಡಿ.

ಪದವಿ ಪ್ರದಾನದ ಮುಖ್ಯ ದಿನಗಳು ಬರುವುದು ಜೂನ್ ಕೊನೆ, ಜುಲೈ ಮೊದಲ ವಾರದ ಹೊತ್ತಿಗೆ. ಆಗ ನಡುಪೇಟೆಯ ಹೋಟೆಲುಗಳಲ್ಲಿ ಒಂದು ಕುರ್ಚಿಯೂ ಖಾಲಿ ಇರುವುದಿಲ್ಲ. ಬರುವುದಿದ್ದರೆ ವಿಮಾನದ ಟಿಕೆಟ್ ಜೊತೆಗೇ ಊಟದ ಮೇಜನ್ನೂ ಕಾಯ್ದಿರಿಸಿ. ಆಗದಿದ್ದರೂ ಚಿಂತೆಯಿಲ್ಲ. ಸೆನೆಟ್ ಹೌಸಿನ ಮುಂದೆ ಫೋಟೋ ಮುಗಿಸಿ, ಹೈಹೀಲ್ಸ್ ತೆಗೆದು ಚಪ್ಪಲಿ ಹಾಕಿಕೊಂಡು, ಎಲ್ಲರೂ ಪಾರ್ಕರ್ಸ್ ಪೀಸ್ ದಾಟಿ ಬನ್ನಿ. ಸಂಜೆ ಆರಕ್ಕೇ ಬಂದರೆ ಮಿಲ್ ರೋಡಿನಲ್ಲಿ ಆರು ಜನರಿಗೂ ಜಾಗ ಸಿಗುತ್ತದೆ.