ಹಗರಣ ಮಾಡಿದ ಕಾಲೇಜನ್ನು ಲೀಗಿನಿಂದ ಯಾಕೆ ಹೊರಗೆ ಹಾಕಲ್ಲ?

"ಅಷ್ಟು ದೊಡ್ಡ ಹಗರಣ ಆದ ಮೇಲೂ ಆ ಕಾಲೇಜು ಅದೇ ಲೀಗಿನಲ್ಲಿ ಆಡ್ತಾ ಇದೆಯಲ್ಲ, ಹೊರಗೆ ಹಾಕಬಾರದಾ?" ನನಗೆ ಅಮೆರಿಕದ ಕಾಲೇಜು ಫುಟ್‌ಬಾಲ್ ಹುಚ್ಚು ಅಂತ ಗೊತ್ತಿರುವವರೆಲ್ಲ ಒಂದಲ್ಲ ಒಂದು ದಿನ ಇದನ್ನು ಕೇಳುತ್ತಾರೆ. ಮಗನನ್ನೋ ಮಗಳನ್ನೋ ಇಲ್ಲಿನ ಕಾಲೇಜಿಗೆ ಸೇರಿಸಿದ ಅಪ್ಪ ಅಮ್ಮ ಕೇಳುತ್ತಾರೆ. ಕ್ರಿಕೆಟ್ ಬಿಟ್ಟು ಬೇರೇನೂ ನೋಡದ ಗೆಳೆಯರೂ ಕೇಳುತ್ತಾರೆ. ಅವರ ಹತ್ತಿರ ಉದಾಹರಣೆಯೂ ತಯಾರಾಗಿರುತ್ತದೆ: ಬೆಟ್ಟಿಂಗ್ ಪ್ರಕರಣದಲ್ಲಿ ಚೆನ್ನೈ ಮತ್ತು ರಾಜಸ್ಥಾನ ತಂಡಗಳನ್ನು ಎರಡು ವರ್ಷ ಐಪಿಎಲ್‌ನಿಂದ ಹೊರಗಿಟ್ಟರಲ್ಲ, ಇಲ್ಲಿ ಯಾಕಾಗಲ್ಲ?

ನನ್ನ ಉತ್ತರ ಕೇಳಿದವರಿಗೆ ಸ್ವಲ್ಪ ಸಪ್ಪೆ ಅನ್ನಿಸುತ್ತದೆ. ಹೊರಗೆ ಹಾಕುವುದು ಬೇಡ. ಆಟ ನಿಲ್ಲಿಸುವುದೂ ಬೇಡ. ಟಿವಿ ದುಡ್ಡು ತಡೆಹಿಡಿಯಿರಿ. ಈಗ ಹಿಡಿಯುವುದಕ್ಕಿಂತ ಜಾಸ್ತಿ ಹಿಡಿಯಿರಿ. ಅದನ್ನು ಯಾವಾಗ ಬಿಡಬೇಕು ಅನ್ನುವ ತೀರ್ಮಾನ ಮಾತ್ರ ಹೊರಗಿನವರಿಗೆ ಬಿಡಿ.

ಇವರು ಲೀಗ್ ಅನ್ನುವುದಕ್ಕೆ ಅಮೆರಿಕದಲ್ಲಿ ಕಾನ್ಫರೆನ್ಸ್ ಅನ್ನುತ್ತಾರೆ. ಅದೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಕಾಲೇಜುಗಳು ಕ್ರೀಡೆಗಾಗಿ ಗುಂಪು ಕಟ್ಟಿಕೊಂಡಿವೆ. ಬಿಗ್ ಟೆನ್, ಬಿಗ್ 12, ಎಸ್‌ಇಸಿ, ಎಸಿಸಿ ಹೀಗೆ. ಒಂದು ಗುಂಪಿನವರು ಹೆಚ್ಚಾಗಿ ತಮ್ಮತಮ್ಮಲ್ಲೇ ಆಡುತ್ತಾರೆ. ಟಿವಿ ಹಕ್ಕನ್ನು ಒಟ್ಟಾಗಿ ಮಾರಿ, ಬಂದ ಹಣ ಹಂಚಿಕೊಳ್ಳುತ್ತಾರೆ. ಬಿಗ್ ಟೆನ್‌ನಲ್ಲಿ ಈಗ 18 ಕಾಲೇಜುಗಳಿವೆ. ಹೆಸರಿಗೂ ಲೆಕ್ಕಕ್ಕೂ ತಾಳೆ ಇಲ್ಲ, ಬಿಡಿ. 2022ರಲ್ಲಿ ಅದು ಫಾಕ್ಸ್, ಸಿಬಿಎಸ್, ಎನ್‌ಬಿಸಿ ಜೊತೆ ಮಾಡಿಕೊಂಡ ಏಳು ವರ್ಷದ ಒಪ್ಪಂದ 700 ಕೋಟಿ ಡಾಲರ್‌ಗೂ ಜಾಸ್ತಿಯದು ಎಂದು ವರದಿಯಾಗಿತ್ತು. ಇವೆಲ್ಲದರ ಮೇಲೆ ಎನ್‌ಸಿಎಎ ಅನ್ನುವ ರಾಷ್ಟ್ರೀಯ ಸಂಸ್ಥೆ ಇದೆ. ಆಟಗಾರರ ಅರ್ಹತೆ, ನಿಯಮ ಮುರಿದವರಿಗೆ ದಂಡ ಎಲ್ಲ ಅದರ ಕೆಲಸ. ಕಾನ್ಫರೆನ್ಸ್‌ಗಳಲ್ಲಿ ಮಾತ್ರ ದೊಡ್ಡ ತೀರ್ಮಾನ ಮಾಡುವವರು ಸದಸ್ಯ ಕಾಲೇಜುಗಳ ಅಧ್ಯಕ್ಷರೇ. ಅಂದರೆ ತಪ್ಪು ಮಾಡಿದವನ ನ್ಯಾಯ ತೀರಿಸಲು ಕೂರುವವರು ಅವನ ವ್ಯಾಪಾರದ ಪಾಲುದಾರರು.

ಈಗ ಪೆನ್ ಸ್ಟೇಟ್ ಕಥೆ. ಅದು ಪೆನ್ಸಿಲ್ವೇನಿಯಾದ ವಿಶ್ವವಿದ್ಯಾಲಯ, ಬಿಗ್ ಟೆನ್ ಸದಸ್ಯ. ಈ ಪ್ರಶ್ನೆ ಕೇಳುವವರ ಮನಸ್ಸಿನಲ್ಲಿ ಹೆಚ್ಚಾಗಿ ಇರುವುದು ಅದೇ. ಜೆರ್ರಿ ಸ್ಯಾಂಡಸ್ಕಿ ಅಲ್ಲಿ ಬಹಳ ವರ್ಷ ಸಹಾಯಕ ಕೋಚ್ ಆಗಿದ್ದ. ಬಡ ಮಕ್ಕಳಿಗಾಗಿ ಒಂದು ಸೇವಾ ಸಂಸ್ಥೆಯನ್ನೂ ನಡೆಸುತ್ತಿದ್ದ. ಆ ಮಕ್ಕಳ ಮೇಲೆಯೇ ಲೈಂಗಿಕ ದೌರ್ಜನ್ಯ ಮಾಡುತ್ತಿದ್ದ. 2011ರ ನವೆಂಬರ್‌ನಲ್ಲಿ ಬಂಧನವಾಯಿತು. 2012ರ ಜೂನ್‌ನಲ್ಲಿ 45 ಆರೋಪಗಳು ಸಾಬೀತಾದವು. ಅವನೊಬ್ಬನ ಪಾಪವಾಗಿದ್ದರೆ ಅದು ಕೋರ್ಟಿನ ವಿಷಯ, ಅಷ್ಟೇ. ಆದರೆ 2001ರಲ್ಲೇ ತಂಡದ ಸಿಬ್ಬಂದಿಯೊಬ್ಬ ಅವನನ್ನು ಒಬ್ಬ ಹುಡುಗನ ಜೊತೆ ಸ್ನಾನದ ಕೋಣೆಯಲ್ಲಿ ನೋಡಿ ಹೆಡ್ ಕೋಚ್ ಜೋ ಪಟರ್ನೊಗೆ ಹೇಳಿದ್ದ. ಮಾತು ಅಲ್ಲಿಂದ ಕ್ರೀಡಾ ನಿರ್ದೇಶಕ, ಉಪಾಧ್ಯಕ್ಷ, ಅಧ್ಯಕ್ಷರ ತನಕ ಹೋಯಿತು. ಪೊಲೀಸರ ತನಕ ಹೋಗಲಿಲ್ಲ. ಮಕ್ಕಳನ್ನು ಅಪಾಯಕ್ಕೆ ಒಡ್ಡಿದ ತಪ್ಪಿಗೆ ಆ ಮೂವರು ಅಧಿಕಾರಿಗಳಿಗೂ 2017ರಲ್ಲಿ ಶಿಕ್ಷೆಯಾಯಿತು.

2012ರ ಜುಲೈ 23ರಂದು ಎನ್‌ಸಿಎಎ ದಂಡ ಪ್ರಕಟಿಸಿತು. 6 ಕೋಟಿ ಡಾಲರ್ ದಂಡ, ಅಂದರೆ ಫುಟ್‌ಬಾಲ್‌ನಿಂದ ಬರುತ್ತಿದ್ದ ಸುಮಾರು ಒಂದು ವರ್ಷದ ಒಟ್ಟು ಆದಾಯ. ನಾಲ್ಕು ವರ್ಷ ಬೌಲ್ ಪಂದ್ಯ ಇಲ್ಲ (ಸೀಸನ್ ಮುಗಿದ ಮೇಲೆ ಆಡುವ ಪ್ರತಿಷ್ಠೆಯ ಪಂದ್ಯಗಳು ಅವು). ಸ್ಕಾಲರ್‌ಶಿಪ್‌ಗಳಿಗೆ ಕತ್ತರಿ. 1998ರಿಂದ 2011ರ ತನಕದ 112 ಗೆಲುವು ದಾಖಲೆಯಿಂದ ರದ್ದು. ಅದೇ ದಿನ ಬಿಗ್ ಟೆನ್ ಕೂಡ ತನ್ನ ಶಿಕ್ಷೆ ಹೇಳಿತು. ಬೌಲ್ ಆದಾಯದಲ್ಲಿ ಪೆನ್ ಸ್ಟೇಟ್‌ಗೆ ಪಾಲಿಲ್ಲ, ಕಾನ್ಫರೆನ್ಸ್ ಫೈನಲ್‌ನಲ್ಲಿ ಆಡುವಂತಿಲ್ಲ. ಆ ಪಾಲು ನಾಲ್ಕು ವರ್ಷಕ್ಕೆ ಸುಮಾರು 1.3 ಕೋಟಿ ಡಾಲರ್ ಆಗಬಹುದು, ಅದು ಮಕ್ಕಳ ರಕ್ಷಣೆಯ ಸಂಸ್ಥೆಗಳಿಗೆ ಹೋಗಲಿ ಎಂದಿತು.

ಕೇಳುವುದಕ್ಕೆ ಭಾರಿ ಶಿಕ್ಷೆ ಅಲ್ವಾ? ಇದರಲ್ಲಿ ಯಾವುದು ಯಾರ ತಲೆ ಮೇಲೆ ಬಿತ್ತು ನೋಡಿ. 2012ರಲ್ಲಿ 20 ವರ್ಷದ ಆಟಗಾರನಿಗೆ 2001ರಲ್ಲಿ 9 ವರ್ಷ. ಸ್ಯಾಂಡಸ್ಕಿ ಕೋಚಿಂಗ್ ಬಿಟ್ಟಿದ್ದು 1999ರಲ್ಲಿ. ಬೌಲ್ ಪಂದ್ಯ ಇಲ್ಲ ಅನ್ನುವ ಶಿಕ್ಷೆ ಅನುಭವಿಸಿದವರು ಈ ಹುಡುಗರು. ಎನ್‌ಸಿಎಎಗೂ ಇದು ಗೊತ್ತಿತ್ತು. ಹಾಗಾಗಿ ಬೇರೆ ಕಾಲೇಜಿಗೆ ಹೋಗುವವರು ಒಂದು ವರ್ಷ ಕಾಯದೆ ನೇರವಾಗಿ ಆಡಬಹುದು ಅಂತ ಬಾಗಿಲು ತೆರೆಯಿತು. ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವ ಆಟಗಾರ) ಸೈಲಸ್ ರೆಡ್ ಕ್ಯಾಲಿಫೋರ್ನಿಯಾದ ಯುಎಸ್‌ಸಿಗೆ ಹೋದ. ಇನ್ನೂ ಕೆಲವರು ಹೋದರು. ಮೈಕಲ್ ಮಾಟಿಯಂಥವರು ಉಳಿದುಕೊಂಡರು.

ಆ ವಾರ ನಡೆದ ಒಂದು ಸಣ್ಣ ಸಂಗತಿ ನನಗೆ ಎಲ್ಲಕ್ಕಿಂತ ಹೆಚ್ಚು ಹೇಳುತ್ತದೆ. ಬಾಗಿಲು ತೆರೆದದ್ದೇ ತಡ, ಇಲಿನಾಯ್ ವಿಶ್ವವಿದ್ಯಾಲಯದ ಸಹಾಯಕ ಕೋಚ್‌ಗಳು ಪೆನ್ ಸ್ಟೇಟ್ ಇರುವ ಊರಿಗೇ ಬಂದು ಕೂತರು. ಆಟಗಾರರನ್ನು ಮಾತಾಡಿಸಿ ಕರೆದೊಯ್ಯಲು. ಇಲಿನಾಯ್ ಹೆಡ್ ಕೋಚ್ ಇದನ್ನು ಅಲ್ಲಗಳೆಯಲಿಲ್ಲ. ಕ್ಯಾಂಪಸ್ ಒಳಗೆ ಹೋಗಿಲ್ಲ, ನಿಯಮ ಮುರಿದಿಲ್ಲ ಅಂದರು. ನಿಜ, ಮುರಿದಿರಲಿಲ್ಲ. ಆದರೆ ಇಲಿನಾಯ್ ಕೂಡ ಬಿಗ್ ಟೆನ್ ಸದಸ್ಯ! ಶಿಕ್ಷೆ ಕೊಟ್ಟ ಗುಂಪಿನ ಒಬ್ಬ ಸದಸ್ಯ ಆ ಶಿಕ್ಷೆಯಿಂದ ಲಾಭ ಮಾಡಿಕೊಳ್ಳಲು ಅದೇ ವಾರ ಬಂದು ನಿಂತ. ಆಟದ ಮೇಲೆ ಹಾಕುವ ಶಿಕ್ಷೆಯ ಗುಣವೇ ಇದು. ಒಬ್ಬ ಸೋತರೆ ಪಕ್ಕದವನಿಗೆ ಗೆಲುವು. ಹೀಗಿರುವಾಗ ಪಕ್ಕದವನ ಕೈಗೆ ಕೋಲು ಕೊಡಬಾರದು.

ಮುಂದೇನಾಯಿತು? ಹಿರಿಯ ರಾಜಕಾರಣಿ ಜಾರ್ಜ್ ಮಿಚೆಲ್ ಅವರನ್ನು ಹೊರಗಿನ ಮೇಲ್ವಿಚಾರಕರಾಗಿ ನೇಮಿಸಿದ್ದರು. ಸುಧಾರಣೆ ಆಗುತ್ತಿದೆ ಎಂದು ಅವರು ವರದಿ ಕೊಟ್ಟ ಮೇಲೆ 2014ರ ಸೆಪ್ಟೆಂಬರ್‌ನಲ್ಲಿ ಬೌಲ್ ನಿಷೇಧ ತೆಗೆದರು. 2015ರ ಜನವರಿಯಲ್ಲಿ ಕೋರ್ಟ್ ರಾಜಿಯಲ್ಲಿ 112 ಗೆಲುವುಗಳೂ ವಾಪಸ್ ಬಂದವು. ಕೊನೆಯ ತನಕ ಉಳಿದಿದ್ದು 6 ಕೋಟಿ ಡಾಲರ್. ಅದು ಪೆನ್ಸಿಲ್ವೇನಿಯಾದಲ್ಲೇ ಮಕ್ಕಳ ಮೇಲಿನ ದೌರ್ಜನ್ಯ ತಡೆಯಲು ಖರ್ಚಾಗಬೇಕು ಅಂತ ತೀರ್ಮಾನವಾಯಿತು. ಸದ್ದು ಮಾಡಿದ ಶಿಕ್ಷೆಗಳೆಲ್ಲ ಕರಗಿದವು. ಕೆಲಸ ಮಾಡಿದ್ದು ದುಡ್ಡು ಮತ್ತು ಮೇಲ್ವಿಚಾರಕ.

ಹಾಗಾದರೆ ಎಲ್ಲವನ್ನೂ ಎನ್‌ಸಿಎಎಗೇ ಬಿಡಬಹುದಲ್ಲ, ಕಾನ್ಫರೆನ್ಸ್‌ಗೆ ಇದರಲ್ಲಿ ಏನು ಕೆಲಸ ಅಂತ ಕೆಲವರು ಕೇಳುತ್ತಾರೆ. ಇಲ್ಲೇ ಇರುವುದು ತೊಡಕು. ಎನ್‌ಸಿಎಎ ನಿಯಮ ಪುಸ್ತಕದಲ್ಲಿ ಆಟಗಾರನಿಗೆ ಕದ್ದು ಕಾಸು ಕೊಡುವುದರ ಬಗ್ಗೆ ಪುಟಗಟ್ಟಲೆ ಇದೆ. ಅಪರಾಧ ಮುಚ್ಚಿಡುವುದರ ಬಗ್ಗೆ ಹಾಗಿಲ್ಲ. ಟೆಕ್ಸಸ್‌ನ ಬೇಲರ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿನಿಯರ ಮೇಲಿನ ಲೈಂಗಿಕ ದೌರ್ಜನ್ಯದ ದೂರುಗಳನ್ನು, ಫುಟ್‌ಬಾಲ್ ಆಟಗಾರರ ಮೇಲಿನ ದೂರುಗಳನ್ನೂ ಸೇರಿಸಿ, ಸರಿಯಾಗಿ ವಿಚಾರಿಸಲೇ ಇಲ್ಲ ಎಂದು 2016ರ ಮೇ ತಿಂಗಳಲ್ಲಿ ಹೊರಬಿತ್ತು. ಕೋಚ್ ಆರ್ಟ್ ಬ್ರೈಲ್ಸ್ ಹೋದರು, ಅಧ್ಯಕ್ಷ ಕೆನ್ ಸ್ಟಾರ್ ಹೋದರು. ಎನ್‌ಸಿಎಎ ತೀರ್ಪು ಬಂದಿದ್ದು 2021ರಲ್ಲಿ. ನಡೆದದ್ದು ಒಪ್ಪುವಂಥದ್ದಲ್ಲ, ಆದರೆ ಆ ವೈಫಲ್ಯ ನಮ್ಮ ನಿಯಮದೊಳಗೆ ಬರುವುದಿಲ್ಲ ಅನ್ನುವುದು ಅದರ ಸಾರ. ಬೇರೆ ಸಣ್ಣಪುಟ್ಟ ತಪ್ಪುಗಳಿಗೆ ಹಾಕಿದ ದಂಡ ಎಷ್ಟು ಗೊತ್ತಾ? 5,000 ಡಾಲರ್.

ಬೇಲರ್ ವಿಷಯದಲ್ಲಿ ದಾರಿ ತೋರಿಸಿದ್ದು ಅದರ ಕಾನ್ಫರೆನ್ಸ್ ಬಿಗ್ 12. ಅದೂ ತಡವಾಗಿ. ಕೋಚ್‌ಗಳ ಮೆಸೇಜ್‌ಗಳು ಕೋರ್ಟ್ ದಾಖಲೆಯಲ್ಲಿ ಹೊರಬಂದ ಮೇಲೆ, 2017ರ ಫೆಬ್ರವರಿಯಲ್ಲಿ ಎಚ್ಚೆತ್ತಿತು. ಬೇಲರ್‌ಗೆ ಮುಂದೆ ಕೊಡಬೇಕಾದ ಹಣದಲ್ಲಿ ಶೇ 25ರಷ್ಟನ್ನು ತಡೆಹಿಡಿಯುತ್ತೇವೆ, ಸುಧಾರಣೆ ನಿಜವಾಗಿ ಜಾರಿಯಾಗಿದೆ ಎಂದು ಮೂರನೆಯವರು ಪರಿಶೀಲಿಸಿ ಹೇಳುವ ತನಕ ಬಿಡುವುದಿಲ್ಲ ಎಂದಿತು. ಆಗ ಒಂದೊಂದು ಕಾಲೇಜಿಗೆ ವರ್ಷಕ್ಕೆ 3 ಕೋಟಿ ಡಾಲರ್‌ಗಿಂತ ಹೆಚ್ಚು ಬರುತ್ತಿತ್ತು. ಆಡುವ ಹುಡುಗರಿಗೆ ಏನೂ ಆಗಲಿಲ್ಲ. ಪಂದ್ಯಗಳು ನಡೆದವು. ಬಿಸಿ ಮುಟ್ಟಿದ್ದು ಲೆಕ್ಕ ಬರೆಯುವ ಕಚೇರಿಗೆ. ಅಲ್ಲಿಗೇ ಮುಟ್ಟಬೇಕು.

ಆದರೆ ಕೊನೆಗೆ ಬಿಗ್ 12 ಮೆತ್ತಗಾಯಿತು. 2018ರ ಅಕ್ಟೋಬರ್‌ನಲ್ಲಿ 20 ಲಕ್ಷ ಡಾಲರ್ ದಂಡ ಇಟ್ಟುಕೊಂಡು ಉಳಿದದ್ದನ್ನು ಬೇಲರ್‌ಗೆ ಕೊಡಲು ಒಪ್ಪಿತು. ಬ್ರೈಲ್ಸ್ ಅವರನ್ನು ಕಳಿಸುವಾಗ ಕಾಲೇಜು ಕೊಟ್ಟಿದ್ದು 1.5 ಕೋಟಿ ಡಾಲರ್ ಮೇಲೆ. ಕೋಚ್‌ಗೆ ಕೊಟ್ಟ ವಿದಾಯದ ಹಣದ ಏಳನೇ ಒಂದು ಭಾಗ ಕೂಡ ದಂಡವಾಗಿ ಹೋಗಲಿಲ್ಲ.

ಇನ್ನು ಮಿಶಿಗನ್ ರಾಜ್ಯಕ್ಕೆ ಬನ್ನಿ. ಅಲ್ಲಿ ಬಿಗ್ ಟೆನ್‌ನ ಎರಡು ಕಾಲೇಜುಗಳಿವೆ. ಒಂದು ಮಿಶಿಗನ್ ಸ್ಟೇಟ್. ಅಲ್ಲಿನ ವೈದ್ಯ ಲ್ಯಾರಿ ನಾಸರ್ ನೂರಾರು ಹುಡುಗಿಯರ ಮೇಲೆ ದೌರ್ಜನ್ಯ ಮಾಡಿದ. 2018ರಲ್ಲಿ ಕಾಲೇಜು 50 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು. ನಿಯಮ ಉಲ್ಲಂಘನೆ ಕಂಡಿಲ್ಲ ಎಂದು ಎನ್‌ಸಿಎಎ ಫೈಲು ಮುಚ್ಚಿತು. ಪೆನ್ ಸ್ಟೇಟ್‌ಗೆ ಹಾಕಿದಂಥ ದಂಡವನ್ನು ಬಿಗ್ ಟೆನ್ ಇಲ್ಲಿ ಹಾಕಲಿಲ್ಲ. ಇನ್ನೊಂದು ಮಿಶಿಗನ್ ವಿಶ್ವವಿದ್ಯಾಲಯ. ಎದುರಾಳಿ ಕೋಚ್‌ಗಳು ಮೈದಾನದ ಅಂಚಿನಿಂದ ಮಾಡುವ ಸನ್ನೆಗಳನ್ನು ಮುಂಚೆಯೇ ಜನ ಕಳಿಸಿ ಚಿತ್ರೀಕರಿಸಿದರು ಅನ್ನುವುದು 2023ರ ಆರೋಪ. ಸುದ್ದಿ ಹೊರಬಿದ್ದು ತಿಂಗಳೂ ಆಗಿರಲಿಲ್ಲ. ಎನ್‌ಸಿಎಎ ತನಿಖೆ ಮುಗಿದಿರಲಿಲ್ಲ. ಬಿಗ್ ಟೆನ್ ಕಮಿಷನರ್ ಟೋನಿ ಪೆಟಿಟಿ ನವೆಂಬರ್ 10ರಂದು ಕೋಚ್ ಜಿಮ್ ಹಾರ್ಬಾ ಮೂರು ಪಂದ್ಯ ಮೈದಾನಕ್ಕೆ ಬರುವಂತಿಲ್ಲ ಎಂದರು. ಬೇರೆ ಕೋಚ್‌ಗಳು, ಕ್ರೀಡಾ ನಿರ್ದೇಶಕರು ಅವರ ಮೇಲೆ ಅಷ್ಟು ಒತ್ತಡ ಹಾಕಿದ್ದರು.

ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗಳನ್ನು ನೋಡಿದ್ದೀರಲ್ಲ. ತನ್ನ ಪಾರ್ಕಿಂಗ್ ಜಾಗದಲ್ಲಿ ಬೇರೆಯವರ ಕಾರು ನಿಂತರೆ ರಾತ್ರಿ ಹತ್ತಕ್ಕೂ ಮೀಟಿಂಗ್ ಸೇರುತ್ತಾರೆ. ಮೂರನೇ ಮಹಡಿಯ ಮನೆಯಿಂದ ಹೊಡೆತದ ಸದ್ದು ಬಂದರೆ ಅದು ಅವರ ಮನೆ ವಿಷಯ. ಕಾನ್ಫರೆನ್ಸ್‌ಗಳು ಹೀಗೇ. ಒಬ್ಬ ಸದಸ್ಯ ಇನ್ನೊಬ್ಬ ಸದಸ್ಯನಿಗೆ ಮೋಸ ಮಾಡಿದರೆ ಚುರುಕು. ಗುಂಪಿನ ಹೊರಗಿನ ಮಗುವಿಗೋ ಹುಡುಗಿಗೋ ಅನ್ಯಾಯವಾದರೆ ವಕೀಲರ ಹತ್ತಿರ ಕೇಳಿ ಹೇಳುತ್ತೇವೆ.

ಉಚ್ಚಾಟನೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2001ರಲ್ಲಿ ಬಿಗ್ ಈಸ್ಟ್ ಅನ್ನುವ ಕಾನ್ಫರೆನ್ಸ್ ಟೆಂಪಲ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡವನ್ನು ಹೊರಗೆ ಹಾಕಲು ಮತ ಹಾಕಿತ್ತು. ಹಗರಣಕ್ಕಲ್ಲ, ಸೋಲುತ್ತಿದ್ದರು, ಪಂದ್ಯಕ್ಕೆ ಜನ ಬರುತ್ತಿರಲಿಲ್ಲ, ಅದಕ್ಕೆ! ಅದೂ ಅಲ್ಲದೆ ದೊಡ್ಡ ತಂಡವನ್ನು ಹೊರಗೆ ಹಾಕಿದರೆ ಇನ್ನೊಂದು ಕಾನ್ಫರೆನ್ಸ್ ಕೈ ಚಾಚಿ ಕರೆದುಕೊಳ್ಳುತ್ತದೆ. ಷರತ್ತು, ಮೇಲ್ವಿಚಾರಕ ಎರಡೂ ಅಲ್ಲಿಗೆ ಮುಗಿಯಿತು.

ಪೂರ್ತಿ ಆಟ ನಿಲ್ಲಿಸಿದ ಉದಾಹರಣೆ ಸದರ್ನ್ ಮೆಥಡಿಸ್ಟ್, ಅಂದರೆ ಎಸ್‌ಎಂಯು. ಆಟಗಾರರಿಗೆ ಗುಟ್ಟಾಗಿ ಸಂಬಳ ಕೊಡುತ್ತಿದ್ದರು. ಸಿಕ್ಕಿಬಿದ್ದ ಮೇಲೂ ನಿಲ್ಲಿಸಲಿಲ್ಲ. ಆಡಳಿತ ಮಂಡಳಿ ಮುಖ್ಯಸ್ಥರಾಗಿದ್ದಾಗ ಅದಕ್ಕೆ ಒಪ್ಪಿಗೆ ಕೊಟ್ಟಿದ್ದೆ ಎಂದು ಟೆಕ್ಸಸ್ ಗವರ್ನರ್ ಬಿಲ್ ಕ್ಲೆಮೆಂಟ್ಸ್ ಅವರೇ ಒಪ್ಪಿಕೊಂಡರು. 1987ರಲ್ಲಿ ಎನ್‌ಸಿಎಎ ಒಂದು ಸೀಸನ್ ರದ್ದು ಮಾಡಿತು, ಮುಂದಿನ ವರ್ಷ ಕಾಲೇಜೇ ಆಡಲಿಲ್ಲ. ಮತ್ತೆ ಬೌಲ್ ಪಂದ್ಯ ಆಡಿದ್ದು 2009ರಲ್ಲಿ. ಅದರ ಹಳೆಯ ಕಾನ್ಫರೆನ್ಸ್ 1996ರಲ್ಲಿ ಮುಚ್ಚಿಯೇ ಹೋಯಿತು. ಆ ಪರಿಣಾಮ ನೋಡಿದವರು ಮತ್ತೆ ದೊಡ್ಡ ಫುಟ್‌ಬಾಲ್ ತಂಡದ ಮೇಲೆ ಆ ಅಸ್ತ್ರ ಬಿಡಲಿಲ್ಲ. ಬಳಸಲು ಹೆದರಿಕೆಯಾಗುವ ಶಿಕ್ಷೆ ಇದ್ದೂ ಇಲ್ಲದ ಹಾಗೆ.

ಐಪಿಎಲ್ ಉದಾಹರಣೆ ಕೊಡುವವರಿಗೂ ಒಂದು ಮಾತು. 2015ರಲ್ಲಿ ಆ ಶಿಕ್ಷೆ ಕೊಟ್ಟಿದ್ದು ಬಿಸಿಸಿಐ ಅಲ್ಲ. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಲೋಧಾ ಸಮಿತಿ. ಆಟಗಾರರೂ ಮನೆಯಲ್ಲಿ ಕೂರಲಿಲ್ಲ, ಬೇರೆ ತಂಡಗಳಿಗೆ ಆಡಿದರು. ಎರಡೂ ನನ್ನ ಮಾತಿಗೇ ಸಾಕ್ಷಿ.

ಹಾಗಾಗಿ ನಾನು ಹೇಳುವುದು ಇಷ್ಟು. ಗಂಭೀರ ಅಪರಾಧವನ್ನು ಆಡಳಿತ ಮುಚ್ಚಿಟ್ಟಿದೆ ಎಂದು ಸಾಬೀತಾದರೆ ಟಿವಿ ಪಾಲಿನ ಅರ್ಧ ನಿಲ್ಲಬೇಕು. ಎಷ್ಟು ನಿಲ್ಲಬೇಕು ಅನ್ನುವುದು ಹಗರಣಕ್ಕೆ ಮುಂಚೆಯೇ ಬರಹದಲ್ಲಿ ಇರಬೇಕು. ಇಲ್ಲದಿದ್ದರೆ ಗೆಲ್ಲುವ ತಂಡಕ್ಕೆ ಒಂದು ಲೆಕ್ಕ, ಸೋಲುವ ತಂಡಕ್ಕೆ ಇನ್ನೊಂದು ಲೆಕ್ಕ ಆಗುತ್ತದೆ. ಸಾಬೀತಾಗಿದೆಯೇ, ಸರಿಹೋಗಿದೆಯೇ ಅಂತ ಹೇಳುವವರು ನಿವೃತ್ತ ನ್ಯಾಯಾಧೀಶರಂಥ ಹೊರಗಿನವರು. ನಿಂತ ಹಣದಲ್ಲಿ ಒಂದು ಪೈಸೆಯೂ ಉಳಿದ ಸದಸ್ಯರಿಗೆ ಹೋಗಬಾರದು. ಸಂತ್ರಸ್ತರ ಚಿಕಿತ್ಸೆಗೆ, ಕಾನೂನು ಖರ್ಚಿಗೆ ಮೊದಲು ಹೋಗಲಿ. ಆಟಗಾರರಿಗೆ ಬಿಟ್ಟು ಹೋಗುವ ಸ್ವಾತಂತ್ರ್ಯ ಇರಲಿ, ಆದರೆ ಅದೇ ಕಾನ್ಫರೆನ್ಸ್‌ನ ಕೋಚ್‌ಗಳು ಊರಿಗೆ ಬಂದು ಬಲೆ ಬೀಸುವಂತಿಲ್ಲ.

ಇದಕ್ಕೆ ಒಂದು ಆಕ್ಷೇಪ ಇದೆ, ಅದು ನ್ಯಾಯವಾದದ್ದೇ. ಈಜು, ಕುಸ್ತಿ, ಅಥ್ಲೆಟಿಕ್ಸ್ ಎಲ್ಲ ನಡೆಯುವುದು ಫುಟ್‌ಬಾಲ್ ದುಡ್ಡಿನಲ್ಲಿ. ದುಡ್ಡು ನಿಂತರೆ ಕಾಲೇಜು ಮೊದಲು ಕೈ ಹಾಕುವುದು ಅವುಗಳಿಗೇ. ಫುಟ್‌ಬಾಲ್ ಕೋಚ್‌ಗಳ ಸಂಬಳ ಮತ್ತು ಕಟ್ಟಡಗಳ ಬಜೆಟ್‌ನಿಂದಲೇ ಕಡಿತ ಆಗಬೇಕು ಅಂತ ಷರತ್ತು ಹಾಕಬಹುದು. ಪೂರ್ತಿ ತಡೆಯಬಹುದು ಅಂತ ನಾನು ಹೇಳಲಾರೆ.

"ಇದಕ್ಕೆಲ್ಲ ಅಧ್ಯಕ್ಷರು ಸಹಿ ಹಾಕ್ತಾರಾ?" ಅನ್ನುವುದು ಎಲ್ಲರ ಕೊನೆಯ ಪ್ರಶ್ನೆ. 2024ರಲ್ಲಿ ಬಿಗ್ ಟೆನ್ ಸೇರಲು ಒರೆಗಾನ್ ಮತ್ತು ವಾಷಿಂಗ್ಟನ್ ಸುಮಾರು ಅರ್ಧ ಪಾಲಿಗೆ ಒಪ್ಪಿಕೊಂಡವು. ಅದೇ ಎಸ್‌ಎಂಯು ಎಸಿಸಿ ಸೇರಲು ಒಂಬತ್ತು ವರ್ಷ ಟಿವಿ ಹಣವೇ ಬೇಡ ಅಂದಿತು. ಒಳಗೆ ಬರಲು ಅಷ್ಟು ಬಿಟ್ಟುಕೊಡುವವರು ಅದೇ ಕಾಗದದಲ್ಲಿ ಈ ಷರತ್ತಿಗೂ ಸಹಿ ಹಾಕುತ್ತಾರೆ, ಕೇಳುವವರು ಕೇಳಿದರೆ.