ಗುಲಾಬಿ ಜಿಗ್‌ನ ಗೆಲುವು ಮತ್ತು ನನ್ನ ಟಾರ್ಚಿನ ತಪ್ಪು

ಮೂರು ಶನಿವಾರಗಳ ಲೆಕ್ಕವನ್ನು ಚೀಟಿಯಲ್ಲಿ ಬರೆದುಕೊಂಡು, ಬ್ಲೂಗಿಲ್ ಮೀನು ಹಿಡಿಯಲು ಗುಲಾಬಿ ಬಣ್ಣದ ಜಿಗ್ಗೇ (ಕೊಕ್ಕೆ ಬೆಸೆದ ಪುಟ್ಟ ಲೋಹದ ಗುಂಡು) ಸರಿ ಎಂದು ಮಿತ್ರರಿಗೆಲ್ಲ ಹೇಳಿಕೊಂಡು ಬಂದವನು ಈಗ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ. ಮಿನಿಯಾಪೊಲಿಸ್‌ನ ಪಶ್ಚಿಮಕ್ಕಿರುವ ತಿಳಿನೀರಿನ ಕೆರೆ, 14 ಅಡಿ ಆಳ, ಮಂಜುಗಡ್ಡೆಯ ಮೇಲೆ ಒಂದು ಗೇಣು ಹಿಮ. ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲಿಂದ ಒಬ್ಬರು ಎರಡು ಗಾಳ ಹಾಕಲು ಮಿನ್ನೆಸೋಟದ ಕಾನೂನು ಅವಕಾಶ ಕೊಡುವುದರಿಂದ, ಪಕ್ಕಪಕ್ಕದ ಎರಡು ತೂತುಗಳಲ್ಲಿ ಒಂದೇ ಅಳತೆಯ 4 ಮಿಲಿಮೀಟರ್ ಟಂಗ್‌ಸ್ಟನ್ ಜಿಗ್‌ಗಳನ್ನು, ಒಂದೇ ಡಬ್ಬಿಯ ವ್ಯಾಕ್ಸ್‌ವರ್ಮ್ ಹುಳು ಸಿಕ್ಕಿಸಿ ಇಳಿಸಿದ್ದೆ. ಒಂದು ಗುಲಾಬಿ, ಇನ್ನೊಂದು ಕತ್ತಲಲ್ಲಿ ಹೊಳೆಯುವ ಹಸಿರು ಗ್ಲೋ. ಗುಲಾಬಿಗೆ 41 ಮೀನು, ಹಸಿರಿಗೆ 17. ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕೆ ಎಂದುಕೊಂಡು ಅಂದೇ ರಾತ್ರಿ ಎರಡು ಡಜನ್ ಗುಲಾಬಿ ಜಿಗ್‌ಗಳಿಗೆ ಆರ್ಡರ್ ಕೊಟ್ಟೆ.

ನಾಲ್ಕನೆಯ ಶನಿವಾರ ಬೆಳಿಗ್ಗೆ ಸೊನ್ನೆಗಿಂತ 22 ಡಿಗ್ರಿ ಕೆಳಗಿನ ಚಳಿಯಲ್ಲಿ ಯುವಿ ಟಾರ್ಚಿನ ಬ್ಯಾಟರಿ ಕೈಕೊಟ್ಟಿತು. ಹಸಿರು ಜಿಗ್‌ಗೆ ಬೆಳಕು ತುಂಬಲು ಬೇರೆ ದಾರಿಯಿಲ್ಲದೆ ಹಾಗೆಯೇ ಮಂಕಾಗಿ ಇಳಿಸಿದೆ. ಮಧ್ಯಾಹ್ನದೊಳಗೆ ಹಸಿರಿಗೆ 9, ಗುಲಾಬಿಗೆ 8 ಮೀನು ಸಿಕ್ಕವು. ಕೋಲುಗಳನ್ನು ಅದಲುಬದಲು ಮಾಡಿದರೂ ಅಷ್ಟೇ, ತೂತುಗಳನ್ನು ಬದಲಿಸಿದರೂ ಅಷ್ಟೇ.

ಆಗ ಹಿಂದಿನ ವಾರಗಳಲ್ಲಿ, ಮೀನನ್ನೂ ಜಿಗ್ಗನ್ನೂ ಬಣ್ಣದ ಗೆರೆಗಳಾಗಿ ತೋರಿಸುವ ಸೋನಾರ್ ಯಂತ್ರವಾದ ಫ್ಲಾಶರ್‌ನಲ್ಲಿ ಕಂಡದ್ದು ನೆನಪಾಯಿತು. ಹಸಿರು ಜಿಗ್ ಇಳಿದ ಕೂಡಲೇ ತಳದಿಂದ ಕೆಂಪು ಗೆರೆಯೊಂದು ಏಳುತ್ತಿತ್ತು, ಜಿಗ್‌ನ ಗೆರೆಗೆ ಇನ್ನೇನು ತಾಗಬೇಕು ಎನ್ನುವಷ್ಟರಲ್ಲಿ ನಿಂತು, ತೆಳ್ಳಗಾಗಿ, ಮತ್ತೆ ತಳಕ್ಕೆ ಇಳಿಯುತ್ತಿತ್ತು. ಅದನ್ನು ಕಣ್ಣಾರೆ ನೋಡಲು ದಡದ ಹತ್ತಿರ ಆರಡಿ ನೀರಿರುವ ಜೊಂಡಿನ ಜಾಗದಲ್ಲಿ ಇನ್ನೊಂದು ತೂತು ಕೊರೆದು, ಟಾರ್ಚನ್ನು ಒಳಜೇಬಿನಲ್ಲಿ ಬೆಚ್ಚಗೆ ಮಾಡಿಕೊಂಡು, ತಲೆಯ ಮೇಲೆ ಕೋಟು ಹೊದ್ದು ಬೋರಲು ಮಲಗಿದೆ. ಆಗತಾನೇ ಬೆಳಕು ತುಂಬಿದ ಜಿಗ್ ಕೆಳಗೆ ಪುಟ್ಟ ಬಲ್ಬಿನಂತೆ ಕಾಣುತ್ತಿತ್ತು. ಅಂಗೈಯಗಲದ ಬ್ಲೂಗಿಲ್ ಒಂದು ಬಂದು, ಎರಡು ಬೆರಳಿನಷ್ಟು ದೂರದಲ್ಲಿ ನಿಂತು, ಎದೆಯ ರೆಕ್ಕೆಗಳನ್ನು ಮುಂದಕ್ಕೆ ಬೀಸಿ ಬೀಸಿ, ಒಡೆಯರ ಸಮ್ಮುಖದಿಂದ ಬೆನ್ನು ತೋರಿಸದೆ ಸರಿಯುವ ಸೇವಕನಂತೆ ಹಿಮ್ಮೆಟ್ಟಿತು. ಹತ್ತು ನಿಮಿಷ ಜಿಗ್ ಅಲ್ಲಾಡಿಸದೆ ಬಿಟ್ಟೆ. ಹೊಳಪು ಇಳಿದ ಮೇಲೆ ಅದೇ ಮೀನೋ ಅದರ ತಮ್ಮನೋ ಬಂದು, ಹುಳುವನ್ನು ಒಮ್ಮೆ ಹೀರಿ, ಉಗುಳಿ, ಮತ್ತೆ ಹೀರಿತು. ಎರಡನೆಯ ಸಲ ಕೋಲು ಎತ್ತಿದೆ.

ಅಂದರೆ ಮೂರು ವಾರ ನಾನು ಅಳೆದದ್ದು ಬಣ್ಣವನ್ನಲ್ಲ, ಹತ್ತು ನಿಮಿಷಕ್ಕೊಮ್ಮೆ ಹಸಿರಿಗೆ ಮಾತ್ರ ಟಾರ್ಚ್ ಹಿಡಿಯುವ ನನ್ನ ಅಭ್ಯಾಸವನ್ನು. ಒಂದು ಗೇಣು ಹಿಮ ಹೊದ್ದ ಕೆರೆಯಲ್ಲಿ ಮಧ್ಯಾಹ್ನವೂ ಮುಸ್ಸಂಜೆಯೇ, ಜೊತೆಗೆ ತಿಳಿನೀರಿನಲ್ಲಿ ಎಲ್ಲಕ್ಕಿಂತ ಮೊದಲು ಕುಗ್ಗುವುದು ಕೆಂಪು ಬೆಳಕು. ಆದ್ದರಿಂದ 14 ಅಡಿಯಲ್ಲಿ ನನ್ನ ಗುಲಾಬಿ ಬಹುಪಾಲು ತಿಳಿಬೂದಿಯಾಗಿದ್ದಿರಬೇಕು. ಕಣ್ಣು ಕುಕ್ಕದಿದ್ದುದೇ ಅದರ ಗೆಲುವು. ಉತ್ತರ ಮಿನ್ನೆಸೋಟದ ಜೌಗಿನ ಕೆರೆಗಳಲ್ಲಿ, ಚಹಾ ಬಣ್ಣದ ನೀರಿನಲ್ಲಿ, ಲೆಕ್ಕ ತಿರುವುಮುರುವು: ಅಲ್ಲಿ ನೀಲಿ ಬೇಗ ಮಾಯವಾಗುತ್ತದೆ, ಕೆಂಪು ಕಿತ್ತಳೆಗಳು ಉಳಿಯುತ್ತವೆ. ಬ್ಲೂಗಿಲ್‌ನ ಕುಟುಂಬಕ್ಕೇ ಸೇರಿದ ಲಾರ್ಜ್‌ಮೌತ್ ಬಾಸ್ ಮೀನಿನ ಮೇಲೆ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗದಲ್ಲಿ ಅವು ಕೆಂಪನ್ನೂ ಹಸಿರನ್ನೂ ಚೆನ್ನಾಗಿ ಗುರುತಿಸಿದವು, ಆದರೆ ಚಾರ್ಟ್ರೂಸ್ ಎಂಬ ಹಸಿರು ಬೆರೆತ ಹಳದಿಯನ್ನು ಬಿಳಿಯೊಡನೆಯೂ ನೀಲಿಯನ್ನು ಕಪ್ಪಿನೊಡನೆಯೂ ಬೆರೆಸಿ ಗೊಂದಲಪಟ್ಟವು. ಅಂಗಡಿಯವರು ಚಾರ್ಟ್ರೂಸ್‌ನಲ್ಲೇ ಐದು ಛಾಯೆ ಮಾರುವುದು ಯಾರ ಕಣ್ಣಿಗಾಗಿ ಎಂದು ನನಗೀಗ ತಿಳಿದಿದೆ.

ಗ್ಲೋ ಬೇಡವೇ ಬೇಡ ಎಂದಲ್ಲ. ಅಂದೇ ಸಂಜೆ ಕ್ರಾಪಿ ಮೀನುಗಳು ಬಂದಾಗ, ಬೆಳಕು ತುಂಬಿ ಹತ್ತು ನಿಮಿಷ ಜೇಬಿನಲ್ಲಿಟ್ಟು ಇಳಿಸಿದ ಹಸಿರಿಗೆ ಆರು ಸಿಕ್ಕವು, ಗುಲಾಬಿಗೆ ಒಂದು. ಹಾಗಾಗಿ ಮೆಲ್ಲಗೆ ಹೊಳೆಯುವ ಜಿಗ್ ನಾನೇ ಮಾಡಿಕೊಳ್ಳಬೇಕು, ತೊಡಕಿರುವುದು ಅಲ್ಲೇ. ಪೌಡರ್ ಪೇಂಟ್ ಹಚ್ಚಿ ಒಲೆಯಲ್ಲಿಟ್ಟರೆ ಬೆಸುಗೆ ಕರಗಿ ಕೊಕ್ಕೆ ಉದುರಿತು. ನೇಲ್ ಪಾಲಿಶ್‌ಗೆ ಗ್ಲೋ ಪುಡಿ ಕಲಸಿ ಹಚ್ಚಿದ್ದು ಎರಡೇ ವಾರದಲ್ಲಿ ಸತ್ತಿತು, ಏಕೆಂದರೆ ಆ ಪುಡಿ ಸ್ಟ್ರಾನ್ಷಿಯಂ ಅಲ್ಯುಮಿನೇಟ್, ರಕ್ಷಣೆಯಿಲ್ಲದೆ ನೀರು ತಾಗಿದರೆ ಕೆಡುತ್ತದೆ. ನೀರು ತಾಗದಂತೆ ಲೇಪಿಸಿದ ನುಣುಪು ಪುಡಿ ಬೇಕೆಂದು ಸ್ಪಷ್ಟವಾಗಿ ಬರೆದು ಕೇಳಿದರೆ ಬಂದದ್ದು ಉಪ್ಪಿಟ್ಟಿನ ರವೆಯಷ್ಟು ದಪ್ಪನೆಯ ಪುಡಿ. ಚಿರೋಟಿ ರವೆ ಕೇಳಿದವನಿಗೆ ಬನ್ಸಿ ರವೆ ಕಟ್ಟಿಕೊಡುವ ಅಂಗಡಿಗಳು ಬಳ್ಳಾರಿಯಲ್ಲಷ್ಟೇ ಇವೆ ಎಂದುಕೊಂಡಿದ್ದೆ. ಸದ್ಯಕ್ಕೆ ನಿಂತಿರುವ ಉಪಾಯ ಇದು: ಕೆಳಗೆ ಬಿಳಿ ಬಣ್ಣ, ಮೇಲೆ ಒಂದೇ ಪದರ ಗ್ಲೋ, ಅದರ ಮೇಲೆ ಮಗಳು ಉಗುರಿಗೆ ಹಚ್ಚುವ ಜೆಲ್ ಟಾಪ್‌ಕೋಟ್, ಅವಳದೇ ಯುವಿ ದೀಪದಡಿ ಒಣಗಿಸುವುದು. ದೀಪದ ಬಾಡಿಗೆಯಾಗಿ ವಾರಕ್ಕೊಂದು ಐಸ್‌ಕ್ರೀಮ್ ಗೊತ್ತಾಗಿದೆ.

ನಡುವೆ ಇನ್ನೊಂದು ಹುಚ್ಚು ಹತ್ತಿದೆ. ಹೀರಿ ಉಗುಳುವ ಆ ಮೊದಲ ಕಚ್ಚು ಕೈಗೆ ಗೊತ್ತೇ ಆಗುವುದಿಲ್ಲ, ಅದಕ್ಕೆ ಕೋಲಿನ ತುದಿಯಲ್ಲಿ ಬಾಗಿ ಕಚ್ಚನ್ನು ಕಣ್ಣಿಗೆ ತೋರಿಸುವ ತೆಳು ತಂತಿ, ಅಂದರೆ ಸ್ಪ್ರಿಂಗ್ ಬಾಬರ್, ಬೇಕು. ಅಮ್ಮನ ತಂಬೂರಿಗೆಂದು ತಂದಿದ್ದ ಉಕ್ಕಿನ ತಂತಿಯ ಸುರುಳಿ ಅಟ್ಟದಲ್ಲಿದೆ. ಅದರ ನಾಲ್ಕಂಗುಲ ತುಂಡನ್ನು ಕೋಲಿನ ತುದಿಗೆ ಕಟ್ಟಿ ನೋಡಬೇಕು. ಅಮ್ಮನಿಗೆ ಇನ್ನೂ ಹೇಳಿಲ್ಲ.

ಎರಡು ಡಜನ್ ಗುಲಾಬಿ ಜಿಗ್‌ಗಳು ನಿನ್ನೆ ಬಂದವು. ಮಾರಿದ ಮಾಲು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವಂತೆ. ಇವತ್ತು ರಾತ್ರಿ ಕುಳಿತು ಹನ್ನೆರಡಕ್ಕೆ ಬಿಳಿ ಬಣ್ಣ ಬಳಿದಿದ್ದೇನೆ. ಉಳಿದ ಹನ್ನೆರಡನ್ನು ಉತ್ತರದ ಚಹಾ ಬಣ್ಣದ ಕೆರೆಗೆ ಎತ್ತಿಟ್ಟಿದ್ದೇನೆ.