ಬಟನ್ ಒತ್ತಿದರೆ ಮನೆ ಕ್ಲೀನ್ ಅಂದುಕೊಂಡವರಿಗೆ

ಹೊರದೇಶಕ್ಕೆ ಬಂದವರು ಏನು ಓದಬೇಕು ಅಂತ ಊರಿನಿಂದ ಆಗಾಗ ಯಾರಾದರೂ ಕೇಳುತ್ತಾರೆ. ಬರಲು ಹೊರಟವರು ಕೇಳುತ್ತಾರೆ, ಮಕ್ಕಳನ್ನು ಕಳಿಸಿ ಕೂತವರೂ ಕೇಳುತ್ತಾರೆ. ನನ್ನ ಉತ್ತರ ಒಂದೇ: ಕಾದಂಬರಿ ಆಮೇಲೆ, ಮೊದಲು ಕಥಾಸಂಕಲನ. ಬಂದ ಹೊಸತರಲ್ಲಿ ತಲೆ ಒಂದು ಕಡೆ ನಿಲ್ಲುವುದಿಲ್ಲ. ವೀಸಾ, ಬಾಡಿಗೆ, ಕೆಲಸ, ಅರ್ಥವಾಗದ ಉಚ್ಚಾರಣೆ ಅಂತ ದಿನ ಹರಿದು ಹಂಚಿಹೋಗಿರುತ್ತದೆ. ದಪ್ಪ ಪುಸ್ತಕ ಹಿಡಿದು ಕೂರುವ ವ್ಯವಧಾನ ಎಲ್ಲಿಂದ ಬರಬೇಕು? ಕಥೆಯಾದರೆ ಹೋಗುವಾಗ ರೈಲಿನಲ್ಲಿ ಶುರು ಮಾಡಿ ಬರುವಾಗ ಮುಗಿಸಬಹುದು.

ಆದರೆ ಬೆನ್ನಪುಟದಲ್ಲಿ 'ನೆಲೆ, ಗುರುತು, ತಾಯ್ನೆಲ' ಅಂತ ಬರೆದುಕೊಂಡ ಪುಸ್ತಕ ಕಂಡರೆ ನನಗೆ ಸ್ವಲ್ಪ ಅನುಮಾನ. ಇಂಥವುಗಳಲ್ಲಿ ಪಾತ್ರಗಳು ಕಿಟಕಿ ಪಕ್ಕ ನಿಂತು 'ನಾನು ಯಾರು' ಅಂತ ಯೋಚಿಸುತ್ತಲೇ ಇರುತ್ತವೆ. ಇಲ್ಲಿ ಬದುಕುವವರಿಗೆ ಅಷ್ಟು ಪುರುಸೊತ್ತು ಎಲ್ಲಿದೆ? ಆ ಪ್ರಶ್ನೆ ಏಳುವುದು ಇನ್ನೊಬ್ಬರು ಎದುರಿಗೆ ಬಂದಾಗ. ಮನೆ ಮಾಲೀಕರು, ಪಕ್ಕದ ಸೀಟಿನವರು, ನಿಮ್ಮ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೇಳಿ ಅನ್ನುವ ಕೌಂಟರಿನವರು. ಒಳ್ಳೆಯ ಕಥೆಗಾರರು ಈ ಎರಡನೆಯ ಮನುಷ್ಯನನ್ನು ಬಿಡುವುದಿಲ್ಲ.

ಅಮೆರಿಕದಲ್ಲಿ ಬೆಳೆದ ಬಂಗಾಳಿ ಮೂಲದ ಲೇಖಕಿ ಝುಂಪಾ ಲಾಹಿರಿ ಅವರ 'ಇಂಟರ್‌ಪ್ರಿಟರ್ ಆಫ್ ಮ್ಯಾಲಡೀಸ್' ನೋಡಿ. 1999ರಲ್ಲಿ ಬಂತು, ಒಂಬತ್ತು ಕಥೆಗಳು, 2000ದಲ್ಲಿ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಸಿಕ್ಕಿತು. ಅದರ ಕೊನೆಯ ಕಥೆಯಲ್ಲಿ ಒಬ್ಬ ಬಂಗಾಳಿ ಯುವಕ 1969ರಲ್ಲಿ, ಮನುಷ್ಯ ಚಂದ್ರನ ಮೇಲೆ ಇಳಿದ ಸಮಯಕ್ಕೆ ಸರಿಯಾಗಿ, ಅಮೆರಿಕ ತಲುಪುತ್ತಾನೆ. ಬಾಡಿಗೆ ಕೋಣೆ ಕೊಟ್ಟವಳು ತುಂಬ ವಯಸ್ಸಾದ ಅಜ್ಜಿ. ದಿನಾ ಸಂಜೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚಂದ್ರನ ಮೇಲೆ ಅಮೆರಿಕದ ಬಾವುಟ ಹಾರುತ್ತಿದೆ ಅನ್ನುತ್ತಾಳೆ. ಅಷ್ಟಕ್ಕೇ ಬಿಡುವುದಿಲ್ಲ, ಅದ್ಭುತ ಅಂತ ಅವನ ಬಾಯಲ್ಲಿ ಹೇಳಿಸುತ್ತಾಳೆ. ಅವನೂ ದಿನಾ ಹೇಳುತ್ತಾನೆ. ಅಜ್ಜಿಗೆ 103 ವರ್ಷ ಅಂತ ಅವನಿಗೆ ಆಮೇಲೆ ಗೊತ್ತಾಗುತ್ತದೆ.

ನನಗೆ ಇಷ್ಟವಾಗುವುದು ಮುಂದಿನ ಭಾಗ. ಮನೆಯವರು ನೋಡಿ ಮಾಡಿದ ಮದುವೆ. ಹೆಂಡತಿ ಬಂದು ಸೇರುತ್ತಾಳೆ. ಇಬ್ಬರಿಗೂ ಪರಸ್ಪರ ಏನೇನೂ ಪರಿಚಯವಿಲ್ಲ, ಮಾತಿಲ್ಲ. ಒಂದು ದಿನ ಅವಳನ್ನು ಅಜ್ಜಿಯ ಹತ್ತಿರ ಕರೆದುಕೊಂಡು ಹೋಗುತ್ತಾನೆ. ಅಜ್ಜಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾಳೆ. ಇನ್ನೇನು ಎಡವಟ್ಟಾಯಿತು ಅಂತ ನಾವು ಅಂದುಕೊಳ್ಳುವಾಗ, ಸೊಗಸಾದ ಹೆಣ್ಣುಮಗಳು ಅಂತ ತೀರ್ಪು ಕೊಡುತ್ತಾಳೆ. ಅವನಿಗೆ ನಗು ಬರುತ್ತದೆ, ಹೆಂಡತಿಯೂ ನಗುತ್ತಾಳೆ. ಅವರ ದಾಂಪತ್ಯ ಅಲ್ಲಿಂದ ಶುರು. ಬಂಧು ಅಲ್ಲ, ಬಳಗ ಅಲ್ಲ, ದೇಶವೇ ಬೇರೆಯಾದ ಒಬ್ಬ ಮುದುಕಿ ಇಬ್ಬರನ್ನು ಗಂಡ ಹೆಂಡತಿ ಮಾಡಿದಳು. ಪರದೇಶದಲ್ಲಿ ಸಂಬಂಧಗಳು ಹೀಗೆ ಅಡ್ಡದಾರಿಯಿಂದಲೇ ಬರುವುದು ಜಾಸ್ತಿ.

ಊರಿನ ಬಗ್ಗೆ ಊರಿನಿಂದ ದೂರ ಕೂತು ಬರೆಯುವುದಕ್ಕೆ ಡಬ್ಲಿನ್ ಊರಿನ ಲೇಖಕ ಜೇಮ್ಸ್ ಜಾಯ್ಸ್‌ಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. 1904ರಲ್ಲಿ ಐರ್ಲೆಂಡ್ ಬಿಟ್ಟ. 'ಡಬ್ಲಿನರ್ಸ್'ನ ಹದಿನೈದು ಕಥೆಗಳಲ್ಲಿ ಹೆಚ್ಚಿನವನ್ನು ಬರೆದದ್ದು ಈಗ ಇಟಲಿಯಲ್ಲಿರುವ ಟ್ರಿಯೆಸ್ಟ್‌ನಲ್ಲಿ. 1905ರಲ್ಲಿ ಡಬ್ಲಿನ್‌ನಲ್ಲಿದ್ದ ತಮ್ಮನಿಗೆ ಪತ್ರ ಬರೆದು ಪ್ರಶ್ನೆಗಳ ಪಟ್ಟಿಯನ್ನೇ ಕಳಿಸಿದ. ಪಾದ್ರಿಯನ್ನು ಹೂಳುವಾಗ ಮಠದ ನಿಲುವಂಗಿ ತೊಡಿಸಬಹುದಾ? ನಗರಸಭೆ ಚುನಾವಣೆ ಅಕ್ಟೋಬರ್‌ನಲ್ಲಿ ನಡೆಯಬಹುದಾ? ಡಬ್ಲಿನ್ ಪಕ್ಕದ ಸಿಡ್ನಿ ಪರೇಡ್‌ನಲ್ಲಿ ಅಪಘಾತವಾದರೆ ಸಿಟಿ ಆಂಬ್ಯುಲೆನ್ಸ್ ಬರುತ್ತದಾ? ಪತ್ರದಲ್ಲಿ ತಾಯ್ನಾಡಿನ ಮಹಿಮೆ ಕೊಂಡಾಡಿಲ್ಲ, ಆಂಬ್ಯುಲೆನ್ಸ್ ವಿಚಾರಿಸಿದ್ದಾನೆ! ನಾವು ಫೋನಿನಲ್ಲಿ ಕೇಳುವುದೂ ಇಂಥವೇ ಅಲ್ವಾ? ಆ ರಸ್ತೆ ಅಗಲ ಮಾಡಿದರಾ, ಮೂಲೆ ಮನೆ ಮಾರಿದರಾ. ಕೇಳಿದವರು ನಗುತ್ತಾರೆ, ನಿನಗ್ಯಾಕೆ ಬೇಕು ಅನ್ನುತ್ತಾರೆ.

ಅದೇ ಜಾಯ್ಸ್ ಮರುವರ್ಷ ರೋಮ್‌ನಿಂದ ತಮ್ಮನಿಗೆ ಇನ್ನೊಂದು ಮಾತು ಬರೆದ: ಡಬ್ಲಿನ್ ಬಗ್ಗೆ ಬೇಕಿಲ್ಲದಷ್ಟು ಕಠಿಣವಾಗಿಬಿಟ್ಟೆನೇನೋ, ಅಲ್ಲಿಯ ಆತಿಥ್ಯ ನನ್ನ ಕಥೆಗಳಲ್ಲಿ ಬಂದಿಲ್ಲ ಅಂತ. 1907ರಲ್ಲಿ ಬರೆದ ಕೊನೆಯ ಕಥೆ 'ದ ಡೆಡ್'ನಲ್ಲಿ ವರ್ಷಕ್ಕೊಮ್ಮೆ ಮನೆ ತುಂಬ ಜನರನ್ನು ಕರೆದು ಊಟ ಹಾಕುವ ವಯಸ್ಸಾದ ಅಕ್ಕತಂಗಿಯರಿದ್ದಾರೆ. ಸಿಟ್ಟು ಮಾಡಿಕೊಂಡು ಬಿಟ್ಟು ಬಂದ ಊರು ದೂರದಿಂದ ಹೀಗೆ ಮೆತ್ತಗಾಗುತ್ತದೆ. ಪುಸ್ತಕ ಅಚ್ಚಾಗಿದ್ದು ಮಾತ್ರ 1914ರಲ್ಲಿ. ಪ್ರಕಾಶಕರು ಆಡಿಸಿದ ಆಟದ ಕಥೆ ಬೇರೆಯೇ ಇದೆ, ಇಲ್ಲಿ ಬೇಡ.

ಹಾಗಂತ ನೆಲೆಯ ಪ್ರಶ್ನೆ ವಿಮಾನ ಹತ್ತಿದವರಿಗೆ ಮಾತ್ರ ಅಂತಲ್ಲ. ಬಾನು ಮುಷ್ತಾಕ್ ಅವರ 'ಎದೆಯ ಹಣತೆ' ಕಥೆಯ ಮೆಹರುನ್ ಗಂಡ ಇನ್ನೊಬ್ಬಳ ಹಿಂದೆ ಹೋದ ಅಂತ ತವರಿಗೆ ಬರುತ್ತಾಳೆ. ತವರಿನವರು ಇಟ್ಟುಕೊಳ್ಳುವುದಿಲ್ಲ, ವಾಪಸ್ ತಂದು ಬಿಡುತ್ತಾರೆ. ಯಾವುದು ಅವಳ ಮನೆ? ಕೊನೆಗೆ ಅವಳನ್ನು ಹಿಡಿದು ನಿಲ್ಲಿಸುವುದು ಮಗಳು. ಈ ಕಥೆಯೂ ಸೇರಿ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಹನ್ನೆರಡು ಕಥೆಗಳ 'ಹಾರ್ಟ್ ಲ್ಯಾಂಪ್' 2025ರ ಅಂತರರಾಷ್ಟ್ರೀಯ ಬೂಕರ್ ಗೆದ್ದಿತು. ಕಥಾಸಂಕಲನವೊಂದಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಜಯಂತ ಕಾಯ್ಕಿಣಿ ಅವರ 'ನೋ ಪ್ರೆಸೆಂಟ್ಸ್ ಪ್ಲೀಸ್' ಕಥೆಯನ್ನೂ ಹುಡುಕಿ ಓದಿ. ಮುಂಬೈಯ ಇಬ್ಬರು ಅನಾಥರು ಮದುವೆಯ ಕರೆಯೋಲೆಯಲ್ಲಿ ಏನು ಅಚ್ಚು ಹಾಕಿಸುವುದು, ಹೆಸರಿನ ಮುಂದೆ ಏನಿರಬೇಕು ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಗುರುತಿನ ಬಗ್ಗೆ ನಾನು ಓದಿದ ಭಾರವಾದ ಪ್ರಬಂಧಗಳಿಗಿಂತ ಅದು ಹೆಚ್ಚು ಹೇಳುತ್ತದೆ.

ಇನ್ನು ಊರಿನಲ್ಲೇ ಇರುವವರಿಗೆ ಒಂದೇ ಕಥೆ ಹೇಳು ಅಂದರೆ, ಮತ್ತೆ ಲಾಹಿರಿ ಅವರದೇ: 'ಮಿಸೆಸ್ ಸೇನ್ಸ್'. ಮಿಸೆಸ್ ಸೇನ್ ಅಮೆರಿಕದಲ್ಲಿದ್ದಾಳೆ, ಗಂಡ ಯೂನಿವರ್ಸಿಟಿಯಲ್ಲಿ ಗಣಿತ ಮೇಷ್ಟ್ರು. ಆಕೆ ಶಾಲೆ ಬಿಟ್ಟ ಮೇಲೆ ಎಲಿಯಟ್ ಅನ್ನುವ ಹನ್ನೊಂದು ವರ್ಷದ ಹುಡುಗನನ್ನು ನೋಡಿಕೊಳ್ಳುತ್ತಾಳೆ. ಕಾರು ಓಡಿಸಲು ಹೆದರಿಕೆ. ತನ್ನ ಮನೆಯವರ ದನಿ ತುಂಬಿದ ಕ್ಯಾಸೆಟ್ ಹಾಕಿ ಕೇಳುತ್ತಾಳೆ. ಊರಿನವರು ಹೊಸ ಬದುಕಿನ ಫೋಟೋ ಕಳಿಸು ಅನ್ನುತ್ತಾರೆ. ಇವಳು ರಾಣಿಯ ಹಾಗಿದ್ದಾಳೆ, ಬಟನ್ ಒತ್ತಿದರೆ ಮನೆ ಕ್ಲೀನ್ ಆಗುತ್ತದೆ ಅಂತ ಅವರ ಲೆಕ್ಕ. ಈ ಮಾತನ್ನು ಅವಳು ಗಂಡನ ಹತ್ತಿರ ಹೇಳುವುದಿಲ್ಲ, ಹುಡುಗನ ಹತ್ತಿರ ಹೇಳುತ್ತಾಳೆ. ಭಾಷೆ ಬಾರದಿದ್ದರೂ ಆ ಕ್ಯಾಸೆಟ್ಟನ್ನು ಜೊತೆಗೆ ಕೂತು ಕೇಳಿದವನು ಅವನೇ.

ಕಥೆ ದೊಡ್ಡದಲ್ಲ. ಮುಂದಿನ ಸಲ ಇಲ್ಲಿಗೆ ಫೋನ್ ಮಾಡಿ 'ನಿನಗೇನಮ್ಮ, ಆರಾಮು' ಅನ್ನುವ ಮೊದಲು ಓದಿ ಮುಗಿಸಬಹುದು.